ತೊಮಾಸಾಳ ಕಿವಿಬತ್ತಿ

ಮಂಗಳವಾರ ಮಧ್ಯಾಹ್ನ ಬ್ಯಾಂಡ್ ಮೇಷ್ಟ್ರು ಗಾಸ್ಪಾರ್ ಬಂದಾಗ ತೊಮಾಸಾ ಅಂಗಳದಲ್ಲಿ ಮೇಣದ ಹಂಡೆಯ ಕೆಳಗಿನ ಕೆಂಡ ಕೆದಕುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಯಾಕೆ ಬಂದಿದ್ದಾನೆಂದು ಅವಳಿಗೆ ಗೊತ್ತಾಯಿತು. ಎಡಗಿವಿಯನ್ನು ಅಂಗೈಯಿಂದ ಒತ್ತಿ ಒತ್ತಿ ಬಿಡುತ್ತಿದ್ದ. ಆಗಾಗ ತಲೆಯನ್ನು ಒಂದು ಕಡೆಗೆ ವಾಲಿಸಿ, ಹೊಳೆಯಲ್ಲಿ ಮುಳುಗಿ ಎದ್ದವರಂತೆ ಒದರುತ್ತಿದ್ದ.

"ಮೂರು ದಿನದಿಂದ ಈ ಕಿವಿಯೊಳಗೆ ಯಾರೋ ಹತ್ತಿ ತುರುಕಿದ ಹಾಗಿದೆ ಕಣ್ರೀ ಕೊಮಾದ್ರೆ. ಬಲಗಿವಿನ ಹೆಂಗೂ ಡೋಲಿಗೆ ದಾನ ಕೊಟ್ಟಾಯ್ತು. ಇದೂ ಹೋದ್ರೆ ನಾನು ಕಡ್ಡಿ ಹಿಡ್ಕೊಂಡು ನಿಂತಿರೋ ಬೆದರುಬೊಂಬೆ, ಅಷ್ಟೇ."

"ಬಿಡ್ತು ಅನ್ನಿ ಕೊಂಪಾದ್ರೆ. ಕೂತ್ಕೊಳ್ಳಿ, ಕಾಫಿ ಕುಡೀರಿ. ಅರ್ಧ ಗಂಟೇಲಿ ಇರುವೆ ಹೆಜ್ಜೆ ಇಟ್ರೂ ಕೇಳೋ ಹಂಗೆ ಮಾಡಿ ಕಳಿಸ್ತೀನಿ."

ತೊಮಾಸಾಳ ಮಗಳು ಎಲ್ವಿರಾಳಿಗೆ ಜ್ಞಾನಸ್ನಾನವಾದಾಗ ಗಾಸ್ಪಾರನೇ ಜ್ಞಾನತಂದೆಯಾಗಿ ನಿಂತಿದ್ದ. ಅಂದಿನಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ, ಕೊಮಾದ್ರೆ ಎಂದಲ್ಲದೆ ಹೆಸರು ಹಿಡಿದು ಕರೆದದ್ದಿಲ್ಲ. ಮೆಕ್ಸಿಕೋದ ವಹಾಕಾದ ಆ ಬೆಟ್ಟಗಳಲ್ಲಿ ಇದು ರಕ್ತಸಂಬಂಧಕ್ಕಿಂತ ಬಿಗಿಯಾದ ನಂಟು. ಹೆಂಡತಿಯ ಜೊತೆ ಜಗಳವಾಡಬಹುದು, ಕೊಮಾದ್ರೆಯ ಜೊತೆ ಆಡುವ ಹಾಗಿಲ್ಲ.

ಸಾನ್ ಮೆಲ್ಕಿಯೋರ್ ಊರಿನಲ್ಲಿ ಮೇಣದಬತ್ತಿ ಮಾಡುವ ಮನೆಗಳು ಏಳೆಂಟಿದ್ದವು. ಕಿವಿಬತ್ತಿ ಹಚ್ಚುವ ಕೈ ಮಾತ್ರ ಒಂದೇ. ಐವತ್ತೆಂಟು ವರ್ಷದ ತೊಮಾಸಾ ಅದನ್ನು ತಾಯಿಯಿಂದ ಕಲಿತಿದ್ದಳು. ಹಳೆಯ ಹತ್ತಿಬಟ್ಟೆಯನ್ನು ಉದ್ದುದ್ದ ಹರಿದು, ಕರಗಿದ ಜೇನುಮೇಣದಲ್ಲಿ ಅದ್ದಿ, ಕದಿರಿನಂಥ ಕಡ್ಡಿಗೆ ಸುತ್ತಿ ಎಳೆದರೆ ಮೊಳದುದ್ದದ ಪೊಳ್ಳು ಬತ್ತಿ. ಸಣ್ಣ ತುದಿ ಕಿವಿಗೆ, ಅಗಲದ ತುದಿ ಬೆಂಕಿಗೆ. ನೆಗಡಿಯಾಗಿ ಕಿವಿ ಕಟ್ಟಿದವರು, ಕಿವಿಯಲ್ಲಿ ಗುಗ್ಗೆ ತುಂಬಿದವರು, ತಲೆಯಲ್ಲಿ ಗುಂಯ್‌ಗುಡುವವರು, ಹಾಲುಗೂಸು ಕಿವಿ ಹಿಡಿದುಕೊಂಡು ಅಳುತ್ತದೆ ಎನ್ನುವ ತಾಯಂದಿರು, ಎಲ್ಲರೂ ಅವಳ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ಎದ್ದು ಹೋದವರೇ. ಹೊತ್ತಿ ಮುಗಿದ ಮೇಲೆ ಉಳಿದ ಮೋಟನ್ನು ಚಾಕುವಿನಿಂದ ಸೀಳಿ, ಒಳಗೆ ಅಂಟಿದ ಹಳದಿ ಪುಡಿಯನ್ನು ಅವಳು ಅವರ ಕಣ್ಣಿಗೆ ಹಿಡಿಯುತ್ತಿದ್ದಳು. "ನೋಡಿ, ಇಷ್ಟೆಲ್ಲ ತುಂಬ್ಕೊಂಡು ಓಡಾಡ್ತಿದ್ರಿ." ಅದನ್ನು ಕಂಡೊಡನೆ ಅರ್ಧ ಜನಕ್ಕೆ ಅಲ್ಲೇ ಕಿವಿ ಹಗುರವಾಗುತ್ತಿತ್ತು.

ಅಂದು ಅಂಗಳದ ನಾಯಿ ಬೊಗಳಲಿಲ್ಲ, ಗಾಳಿ ಬೀಸಲಿಲ್ಲ, ಗಾಸ್ಪಾರ್ ಅಲುಗಲೂ ಇಲ್ಲ. ಮೂವತ್ತೊಂದು ವರ್ಷ ಹೇಗೆ ಮಾಡುತ್ತಿದ್ದಳೋ ಹಾಗೆಯೇ ಮಾಡಿದಳು. ಮೇಣ ತೊಟ್ಟಿಕ್ಕಿದರೆ ತಡೆಯಲೆಂದು ನಡುವೆ ತೂತು ಮಾಡಿದ ತಗಡಿನ ತಟ್ಟೆಯನ್ನು ಕಿವಿಯ ಮೇಲಿಟ್ಟಳು, ಬತ್ತಿ ಸಿಕ್ಕಿಸಿದಳು, ಹಚ್ಚಿದಳು. ಚಿಟಚಿಟ ಸದ್ದು ಬಂತು. "ಎಳೀತಾ ಇದೆ" ಎಂದಳು. ಗಾಸ್ಪಾರ್ ಕಣ್ಣು ಮುಚ್ಚಿ ನಕ್ಕ. ಬತ್ತಿ ಮುಕ್ಕಾಲು ಉರಿದಿತ್ತು. ಆಗ ಅದರ ಪೊಳ್ಳಿನೊಳಗೇ ಕರಗಿ ನಿಂತಿದ್ದ ಮೇಣ, ಹೊರಗಿನ ತಟ್ಟೆಯ ಹಂಗಿಲ್ಲದೆ, ನೇರ ಕೆಳಗಿಳಿಯಿತು.

ಅವನು ಕಿರುಚಿದ ರಭಸಕ್ಕೆ ಅವಳ ಕೈಯಿಂದ ಎಲ್ಲವೂ ಬಿದ್ದುಹೋಯಿತು. ಗಾಸ್ಪಾರ್ ಎದ್ದು ಕುಳಿತು ಎರಡೂ ಕೈಯಿಂದ ಕಿವಿ ಅದುಮಿಕೊಂಡು ಹಿಂದೆ ಮುಂದೆ ತೂಗುತ್ತಿದ್ದ. ಚಾಪೆಗೆ ಹತ್ತಿದ ಬೆಂಕಿಯನ್ನು ಬರಿಗಾಲಿನಲ್ಲಿ ತುಳಿದು ಆರಿಸಿದಳು. ಸುಟ್ಟದ್ದು ತಿಳಿಯಲೇ ಇಲ್ಲ. ಏನು ಮಾಡುವುದೆಂದು ತೋಚದೆ, ರೂಢಿಯ ಬಲದಿಂದ ಮೋಟನ್ನು ಎತ್ತಿ ಸೀಳಿದಳು. ಒಳಗೆ ಹಳದಿ ಪುಡಿ ಕಿಕ್ಕಿರಿದಿತ್ತು.

"ನೋಡಿ ಕೊಂಪಾದ್ರೆ, ಎಷ್ಟೊಂದು ಬಂದಿದೆ," ಎಂದಳು.

ಗಾಸ್ಪಾರ್ ಅವಳ ತುಟಿಗಳನ್ನೇ ನೋಡಿದ. "ಏನಂದ್ರಿ?"

"ಎಷ್ಟೊಂದು ಬಂದಿದೆ ಅಂದೆ."

"ಕೇಳಿಸ್ತಿಲ್ಲ," ಎಂದ ಅವನು, ವಿಪರೀತ ಗಟ್ಟಿಯಾಗಿ. "ಕೊಮಾದ್ರೆ, ಏನೂ ಕೇಳಿಸ್ತಿಲ್ಲ."

ತೊಮಾಸಾ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದು ಸನ್ನೆ ಮಾಡಿ, ತನ್ನ ಶಾಲನ್ನೇ ಅವನ ತಲೆಗೆ ಸುತ್ತಿ ಕಳಿಸಿದಳು. ಅವನು ಇಳಿಜಾರಿನಲ್ಲಿ ಗೋಡೆ ಹಿಡಿದುಕೊಂಡು ಹೋಗುವುದನ್ನು ಬೇಲಿಯ ಸಂದಿನಿಂದ ನೋಡುತ್ತಾ ನಿಂತಳು.

ಸಾನ್ ಮೆಲ್ಕಿಯೋರಿನಲ್ಲಿ ದಿನವೂ ಸಂಜೆ ಐದಕ್ಕೆ ಬ್ಯಾಂಡಿನ ಅಭ್ಯಾಸ ಶುರುವಾಗುತ್ತದೆ. ಹೆಂಗಸರು ಆ ಸದ್ದು ಕೇಳಿ ಬೀನ್ಸ್ ಬೇಯಲಿಡುತ್ತಾರೆ. ಮಂಗಳವಾರ ಅದು ಕೇಳಿಸಲಿಲ್ಲ. ಬುಧವಾರವೂ ಐದಾಯಿತು, ಐದೂವರೆಯಾಯಿತು. ತುತ್ತೂರಿಯೂ ಇಲ್ಲ, ಡೋಲೂ ಇಲ್ಲ. ಪಕ್ಕದ ಮನೆಯವಳು ಬೇಲಿಯಾಚೆಯಿಂದ "ಇವತ್ತೂ ಮೇಷ್ಟ್ರು ನಿದ್ದೆ ಹೊಡೀತಿದ್ದಾರಾ?" ಎಂದು ಕೇಳಿದಾಗ ತೊಮಾಸಾ ಕೇಳದವಳಂತೆ ಒಳಗೆ ಹೋದಳು. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ತಿಳಿಯಲಿಲ್ಲ. ಎಲ್ವಿರಾ ಬಂದು ಅದನ್ನು ಎತ್ತಿ ನಾಯಿಗೆ ಎಸೆದಳು.

"ಏನಾಗಿದೆ ನಿಂಗೆ?"

"ಏನಿಲ್ಲ, ತಲೆನೋವು," ಎಂದು ತೊಮಾಸಾ ಮಗಳ ಬಲಗಡೆಗೆ ಸುತ್ತಿಕೊಂಡು ಬಂದು ಹೇಳಿದಳು. ಎಡಗಡೆಯಿಂದ ಹೇಳಿದರೆ ಎಲ್ವಿರಾಳಿಗೆ ಕೇಳುತ್ತಿರಲಿಲ್ಲ. ಏಳು ವರ್ಷದವಳಿದ್ದಾಗ ಜ್ವರ ಬಂದು ಆ ಕಿವಿ ಹೋಗಿತ್ತು. ಈಗವಳಿಗೆ ಮೂವತ್ತನಾಲ್ಕು. ಎರಡು ಬೀದಿಯಾಚೆ ಗಂಡನ ಮನೆಯಿದ್ದರೂ ಹಗಲೆಲ್ಲ ತಾಯಿಯ ಜೊತೆ ಮೇಣದ ಕೆಲಸಕ್ಕೆ ಬರುತ್ತಿದ್ದಳು.

ಗುರುವಾರ ಬೆಳಿಗ್ಗೆ ಗಾಸ್ಪಾರನ ಹೆಂಡತಿ ಬೆನೀತಾ ಬಂದಳು. ಅವಳನ್ನು ಬಾಗಿಲಲ್ಲಿ ಕಂಡದ್ದೇ ತೊಮಾಸಾ, ಬೈಯಲು ಬಂದಿದ್ದಾಳೆ ಅಂದುಕೊಂಡಳು. ಬೆನೀತಾ ಬೈಯಲಿಲ್ಲ. ಅವಳ ಕೈಯಲ್ಲಿ ಜೋಳದ ಕಡುಬಿನಂಥ ಬಿಸಿ ಬಿಸಿ ತಮಾಲೆಗಳ ಗಂಟಿತ್ತು.

"ದಿಂಬಿನ ಮೇಲೆ ರಕ್ತದ ಕಲೆ ಇತ್ತು ಕೊಮಾದ್ರೆ, ಒಂದಿಷ್ಟು. ನೋವು ಅಂತಾರೆ. ಕಿವುಡು ಹಂಗೇ ಇದೆ. ಒಳಗೆ ಇನ್ನೂ ಕೊಳೆ ಉಳ್ಕೊಂಡಿರ್ಬೇಕು, ಇನ್ನೊಂದು ಬತ್ತಿ ಹಚ್ಚಿದ್ರೆ ಬಂದ್ಬಿಡುತ್ತೆ ಅಂತ ಅವರೇ ಹೇಳಿ ಕಳಿಸಿದ್ರು. ಇವತ್ತು ಮಧ್ಯಾಹ್ನ ಮನೆಗೇ ಬಂದ್ಬಿಡ್ತೀರಾ? ನಡೆದ್ರೆ ತಲೆ ತಿರುಗುತ್ತಂತೆ."

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ತೊಮಾಸಾ ತಲೆಯಾಡಿಸಿದಳು. ಬರುತ್ತೇನೆ ಎಂದಳು. ಬೆನೀತಾ ಹೋದ ಮೇಲೆ ತಮಾಲೆಗಳ ಗಂಟನ್ನು ಮುಟ್ಟಲೂ ಹೆದರಿಕೆಯಾಯಿತು.

ಬತ್ತಿ ಸುತ್ತಲು ಕುಳಿತಳು. ಎರಡು ಸಲ ಬಿಚ್ಚಿ ಸುತ್ತಿದಳು. ಹಾಗೆ ಸುತ್ತುತ್ತಿರುವಾಗ ಒಂದು ಮಾತು ತಲೆಯೊಳಗೆ ಮುಳ್ಳಿನಂತೆ ಚುಚ್ಚಿತು. ಮೋಟಿನೊಳಗೆ ಅಷ್ಟು ಗುಗ್ಗೆ ಬಂದಿತ್ತಲ್ಲ, ಕೊಂಪಾದ್ರೆಯ ಕಿವಿ ಇನ್ನೂ ಯಾಕೆ ಕಟ್ಟಿದೆ? ಒಬ್ಬ ಮನುಷ್ಯನ ಕಿವಿಯಲ್ಲಿ ಅಷ್ಟಾದರೂ ಎಲ್ಲಿಂದ ಬರಬೇಕು? ಹಾಲುಗೂಸಿನ ಕಿವಿಗೆ ಹಚ್ಚಿದಾಗಲೂ ಅಷ್ಟೇ ಬರುತ್ತಿತ್ತು, ಮುದುಕರಿಗೂ ಅಷ್ಟೇ.

ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಬಾರದ ಯೋಚನೆ. ಅದನ್ನು ಓಡಿಸಲು ನೋಡಿದಳು, ಹೋಗಲಿಲ್ಲ. ಕೊನೆಗೆ ಎದ್ದು, ಗೋಡೆಗೂಡಿನಲ್ಲಿದ್ದ ಒಂದು ಖಾಲಿ ಬಾಟಲಿಯನ್ನು ತೊಳೆದು, ಬಿಸಿಲಿಗಿಟ್ಟು ಒಣಗಿಸಿದಳು. ಯಾರಾದರೂ ನೋಡುತ್ತಾರೇನೋ ಎಂದು ಅಂಗಳದ ಬಾಗಿಲಿಗೆ ಅಗುಳಿ ಹಾಕಿದಳು. ಬತ್ತಿಯ ಸಣ್ಣ ತುದಿಯನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ ಹಚ್ಚಿದಳು.

ಚಿಟಚಿಟ ಎಂದಿತು. ಕಿವಿಗಿಟ್ಟಾಗ ಹೇಗೋ ಹಾಗೆಯೇ. ಬಾಟಲಿಯಲ್ಲಿ ಎಳೆಯಲು ಏನಿತ್ತು? ಒಳಗೆ ತೆಳ್ಳಗೆ ಬಿಳಿ ಹೊಗೆಯಿಳಿಯಿತು. ಆಮೇಲೆ ಒಂದು ಹನಿ ಮೇಣ ತೊಟ್ಟೆಂದು ಬಾಟಲಿಯ ತಳಕ್ಕೆ ಬಿತ್ತು. ಇನ್ನೊಂದು ಬಿತ್ತು. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾಲ್ಕು ಬೆರಳಷ್ಟು ಉಳಿದಾಗ ನಂದಿಸಿ, ಚಾಕು ತೆಗೆದುಕೊಂಡಳು. ಸೀಳುತ್ತಾ ಬೇಡಿಕೊಂಡಳು. "ಮಾತೆ, ಏನೂ ಇರಬಾರ್ದು, ಏನೂ ಇರಬಾರ್ದು."

ಇತ್ತು. ಹಳದಿ ಪುಡಿ ಕಿಕ್ಕಿರಿದಿತ್ತು.

ತೊಮಾಸಾ ನೆಲದ ಮೇಲೆ ಕುಳಿತಳು. ಎಷ್ಟು ಜನ? ಹೆಸರು ನೆನೆದುಕೊಳ್ಳಲು ಹೋದಳು. ಮುಖಗಳು ಒಂದರ ಮೇಲೊಂದು ಬಂದವು. ಮನೆಗೆ ಹೋದ ಮೇಲೆ ನೋವು ಹೆಚ್ಚಾಯಿತು ಎಂದವರಿಗೆ "ಕೆಟ್ಟದ್ದು ಹೊರಬರೋವಾಗ ನೋಯುತ್ತೆ" ಎಂದು ಹೇಳಿ ಕಳಿಸಿದ್ದಳು. ಅದು ತಾಯಿ ಹೇಳಿಕೊಟ್ಟ ಮಾತು. ಆಗ ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು.

"ಅಮ್ಮಾ, ಹಗಲು ಹೊತ್ತಲ್ಲಿ ಯಾಕೆ ಅಗುಳಿ ಹಾಕಿದೀಯ?"

ಎಲ್ವಿರಾಳ ದನಿ. ತೊಮಾಸಾ ಎದ್ದು ಬಾಗಿಲು ತೆಗೆದಳು. ಮಗಳು ತಲೆಯ ಮೇಲಿನ ಬಟ್ಟೆಯ ಮೂಟೆಯನ್ನು ಇಳಿಸಲು ಪಕ್ಕಕ್ಕೆ ತಿರುಗಿದಾಗ ಅವಳ ಎಡಗಿವಿ ಎದುರಿಗೆ ಬಂತು. ಓಲೆ ಹಾಕಿದ, ಚಿಕ್ಕ, ಚಂದದ ಕಿವಿ.

ಏಳು ವರ್ಷ. ಜ್ವರ. ಕಿವಿನೋವೆಂದು ಮಗು ಗೋಳಾಡಿದಾಗ ಆ ಕಿವಿಗೆ ಒಂದಲ್ಲ, ಮೂರು ದಿನ ಮೂರು ಬತ್ತಿ ಹಚ್ಚಿದ್ದು ಅವಳೇ.

ತೊಮಾಸಾ ಗೋಡೆ ಹಿಡಿದುಕೊಂಡಳು. ಎಲ್ವಿರಾ ನೀರು ತರಲು ಓಡಿದಳು. ನೀರು ಕುಡಿಯುತ್ತಾ ತೊಮಾಸಾ ಒಂದು ಕ್ಷಣ ಕೆಟ್ಟ ಲೆಕ್ಕವನ್ನೂ ಹಾಕಿದಳು. ಯಾರಿಗೆ ಗೊತ್ತಾಗುತ್ತದೆ? ಬಾಟಲಿ ಒಡೆದು ಎಸೆದರಾಯಿತು. ಮಧ್ಯಾಹ್ನ ಹೋಗಿ ಇನ್ನೊಂದು ಬತ್ತಿ ಹಚ್ಚಿದ ಹಾಗೆ ಮಾಡಿ, ಇನ್ನು ದೇವರಿಚ್ಛೆ ಎಂದು ಬಂದರಾಯಿತು. ಹೇಳಿದರೆ ಊರಸಭೆಯ ಮುಂದೆ ನಿಲ್ಲಿಸುತ್ತಾರೆ. ಮಾಟಗಾತಿ ಎನ್ನುತ್ತಾರೆ. ಅಷ್ಟರಲ್ಲಿ ಗಾಸ್ಪಾರನ ದಿಂಬಿನ ಮೇಲಿನ ರಕ್ತ ನೆನಪಾಯಿತು. ಅವಳು ಬಾಟಲಿಯನ್ನೂ ಸೀಳಿದ ಮೋಟನ್ನೂ ಸೆರಗಿನಂತೆ ಹೊದ್ದ ಇನ್ನೊಂದು ಶಾಲಿನೊಳಗೆ ಅವಚಿಕೊಂಡು ಹೊರಟಳು. ಎಲ್ವಿರಾ ಕೂಗಿ ಕೇಳಿದರೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ಮುಂದೆ ಹೋಗುತ್ತಿರಲಿಲ್ಲ.

ಗಾಸ್ಪಾರ್ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದ. ಮೊಣಕಾಲ ಮೇಲೆ ಕ್ಲಾರಿನೆಟ್ ಇತ್ತು. ಅದನ್ನು ನುಡಿಸುತ್ತಿರಲಿಲ್ಲ, ಬೆರಳಿನಿಂದ ಕೀಲಿಗಳನ್ನು ಒತ್ತಿ ಒತ್ತಿ ಬಿಡುತ್ತಿದ್ದ. ತೊಮಾಸಾ ಮೇಜಿನ ಮೇಲೆ ಬಾಟಲಿಯನ್ನಿಟ್ಟಳು.

"ಬೆನೀತಾ, ಇದನ್ನ ನೋಡಿ. ಇದ್ರಲ್ಲಿ ಯಾರ ಕಿವಿಯೂ ಇರ್ಲಿಲ್ಲ. ಆದ್ರೂ ಇಷ್ಟು ಬಂತು. ಇದು ಗುಗ್ಗೆ ಅಲ್ಲ. ಬತ್ತೀದೇ ಮೇಣ. ಕೊಂಪಾದ್ರೆ ಕಿವಿಯೊಳಗೂ ಇದೇ ಬಿದ್ದಿದೆ. ನಾನೇ ಹಾಕಿದ್ದು."

ಬೆನೀತಾ ಮೋಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೂಗಿಗೆ ಹಿಡಿದಳು. ಅವಳ ಮುಖ ನಿಧಾನಕ್ಕೆ ಕೆಂಪಾಯಿತು.

"ಮೂವತ್ತು ವರ್ಷ ನಮ್ಮ ತಲೆ ಮೇಲೆ ದೀಪ ಹಚ್ಕೊಂಡು ಕೂತಿದ್ರಲ್ಲ, ನಾವೇನು ಬಲಿಪೀಠಾನಾ?"

"ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ವಂತೆ! ಗೊತ್ತಿಲ್ದೋರು ಅಡುಗೆಮನೇಲಿ ಉಪ್ಪು ಹೆಚ್ಚು ಹಾಕ್ತಾರೆ, ಗಂಡಸ್ರ ಕಿವಿಗೆ ಬೆಂಕಿ ಹಾಕಲ್ಲ!"

"ಬೈಯಿರಿ. ಹೊಡೀರಿ ಬೇಕಾದ್ರೆ. ಆದ್ರೆ ನಾಳೆ ಬೆಳಿಗ್ಗೆ ಮೊದಲ ವ್ಯಾನಿಗೆ ಇವರನ್ನ ಕೆಳಗಿನ ಊರಿನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ನಾನೂ ಬರ್ತೀನಿ."

ಏನು ನಡೆಯುತ್ತಿದೆಯೆಂದು ತಿಳಿಯದೆ ಗಾಸ್ಪಾರ್ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ. ಬೆನೀತಾ ಸ್ವರ ಬರೆಯುವ ಹಾಳೆಯ ಬೆನ್ನಿನ ಮೇಲೆ ಬರೆದು ತೋರಿಸಿದಳು. ಅವನು ಓದಿದ. ಮತ್ತೊಮ್ಮೆ ಓದಿದ.

"ಆಸ್ಪತ್ರೆಗೆ ನಾನು ಬರಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. "ಅವರು ಸೂಜಿ ತೂರಿಸಿ ಇರೋದನ್ನೂ ತೆಗೀತಾರೆ! ಕೊಮಾದ್ರೆ ಇನ್ನೊಂದು ಹಚ್ಲಿ!"

ಆ ನಂಬಿಕೆಯನ್ನು ಕೇಳಿದಾಗ ತೊಮಾಸಾ ಮೊದಲ ಸಲ ಅತ್ತಳು. ಅಳುತ್ತಲೇ ಅವನ ಎದುರು ಮಂಡಿಯೂರಿ ಕೈಮುಗಿದಳು. ಅವನಿಗೆ ಮಾತು ಕೇಳಿಸಲಿಲ್ಲ, ಮುಖ ಕಾಣಿಸಿತು. ಬಹಳ ಹೊತ್ತಿನ ಮೇಲೆ ಕ್ಲಾರಿನೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ಶುಕ್ರವಾರ ವ್ಯಾನಿನಲ್ಲಿ ಎರಡು ತಾಸಿನ ದಾರಿ. ಪ್ರತಿ ತಿರುವಿನಲ್ಲೂ ಗಾಸ್ಪಾರ್ ತಲೆ ಹಿಡಿದುಕೊಳ್ಳುತ್ತಿದ್ದ. ಆಸ್ಪತ್ರೆಯ ಕಿವಿ ಡಾಕ್ಟರಮ್ಮ ಎಳೆಯ ವಯಸ್ಸಿನವಳು, ದುಂಡು ಮುಖ, ನಿದ್ದೆಯಿಲ್ಲದ ಕಣ್ಣು. ದೀಪದ ಕೊಳವೆಯನ್ನು ಕಿವಿಗೆ ಹಿಡಿದು ನೋಡಿ ತಲೆಯೆತ್ತಿದಳು.

"ಇದ್ಯಾರು ಮಾಡಿದ್ದು?"

ಬೆನೀತಾ ಅದನ್ನು ಹಾಳೆಯ ಮೇಲೆ ಬರೆದು ತೋರಿಸುವಷ್ಟರಲ್ಲಿ ಗಾಸ್ಪಾರನೇ ಊಹಿಸಿ, "ನಾನೇ ಮಾಡ್ಕೊಂಡೆ ಡಾಕ್ಟರಮ್ಮ, ಮನೇಲಿ!" ಎಂದು ಕೂಗಿದ.

"ಅಲ್ಲ," ಎಂದಳು ತೊಮಾಸಾ. "ನಾನು."

ಡಾಕ್ಟರಮ್ಮ ಅವಳತ್ತ ತಿರುಗಿದಳು. ಬೈಯಲಿಲ್ಲ. "ಹತ್ರ ಬಂದು ನಿಂತ್ಕೊಳ್ಳಿ," ಎಂದಳು ಅಷ್ಟೇ.

ಹನಿ ಹನಿಯಾಗಿ ಏನೋ ಎಣ್ಣೆ ಬಿಟ್ಟು, ಕಾದು, ಸಣ್ಣ ಇಕ್ಕಳದಿಂದ ಡಾಕ್ಟರಮ್ಮ ಕೆಲಸ ಶುರುಮಾಡಿದಳು. ಗಾಸ್ಪಾರ್ ಹೆಂಡತಿಯ ಕೈಯನ್ನು ಹಿಡಿದ ಹಿಡಿತಕ್ಕೆ ಅವಳ ಬೆರಳು ಬಿಳಿಚಿದವು. ಕೊನೆಗೆ ಸ್ಟೀಲ್ ತಟ್ಟೆಯ ಮೇಲೆ ಕಡಲೆಗಾತ್ರದ ಒಂದು ಗಟ್ಟಿ ಬಿತ್ತು. ಹೊರಗೆ ಮೇಣ, ಒಳಗೆ ಕಪ್ಪು ಗುಗ್ಗೆ, ಅಂಚಿಗೆ ಒಣಗಿದ ರಕ್ತ. ಗುಗ್ಗೆ ಇದ್ದಲ್ಲೇ ಇತ್ತು. ಅದರ ಮೇಲೆ ತೊಮಾಸಾಳ ಮೇಣ ಮುಚ್ಚಳ ಹಾಕಿ ಕುಳಿತಿತ್ತು. ಆಸ್ಪತ್ರೆಯ ಔಷಧಿ ವಾಸನೆಯ ನಡುವೆಯೂ ಜೇನಿನ ಘಮ ಅವಳ ಮೂಗಿಗೆ ಬಂತು.

"ಕಿವಿ ತಮಟೆ ಸುಟ್ಟಿದೆ. ಒಂದು ಸಣ್ಣ ತೂತೂ ಆಗಿದೆ," ಎಂದಳು ಡಾಕ್ಟರಮ್ಮ. "ಸಾಮಾನ್ಯವಾಗಿ ತಾನೇ ಕೂಡ್ಕೊಳ್ಳುತ್ತೆ. ನೀರು ಬೀಳಬಾರ್ದು, ಆರು ವಾರ ವಾದ್ಯ ಊದಬಾರ್ದು. ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ." ಆಮೇಲೆ ತೊಮಾಸಾಳಿಗೆ: "ವಾರಕ್ಕೆ ಎಷ್ಟು ಜನ ಬರ್ತಾರೆ ನಿಮ್ಹತ್ರ?"

"ಐದಾರು."

"ಅವರನ್ನೆಲ್ಲ ಇಲ್ಲಿಗೆ ಕಳ್ಸಿ. ಕಳಿಸ್ತೀರಾ?"

ತೊಮಾಸಾ ಹೂಂ ಎಂದಳು. ಉಳಿದವರು ಹೊರಗೆ ಹೋಗುವವರೆಗೆ ಕಾದಳು. ಮಗಳ ಕಥೆಯನ್ನು ಹೇಳಿ, "ಅದೂ ನನ್ನಿಂದಾನೇ ಆಯ್ತಾ?" ಎಂದು ಕೇಳಿದಳು.

ಡಾಕ್ಟರಮ್ಮ ಕೈಗವಸು ತೆಗೆಯುತ್ತಾ ನಿಂತಳು. "ಜ್ವರದಿಂದ್ಲೂ ಆಗಿರಬಹುದು ಅಮ್ಮಾ, ಎಷ್ಟೋ ಮಕ್ಕಳಿಗೆ ಆಗುತ್ತೆ. ನಿಮ್ಮಿಂದ ಆಗ್ಲಿಲ್ಲ ಅಂತ ಹೇಳೋಕೆ ನಂಗೆ ಬರಲ್ಲ. ಆಗಿದೆ ಅಂತಾನೂ ಹೇಳೋಕೆ ಬರಲ್ಲ. ಒಂದ್ಸಲ ಕರ್ಕೊಂಡು ಬನ್ನಿ, ನೋಡ್ತೀನಿ."

ಊರಿಗೆ ಮರಳಿದ ದಿನವೇ ಅವಳು ಮಗಳಿಗೆ ಹೇಳಿದಳು. ಇನ್ನೊಂದು ದಿನ ಬಿಟ್ಟಿದ್ದರೆ ಎಂದೂ ಹೇಳುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಎಲ್ವಿರಾ ಮೇಣದಲ್ಲಿ ದಾರ ಅದ್ದುತ್ತಾ ಬಲಗಿವಿ ತಿರುಗಿಸಿ ಪೂರ್ತಿ ಕೇಳಿಸಿಕೊಂಡಳು. ಕೈ ಒರೆಸಿಕೊಂಡು ಗಂಡನ ಮನೆಗೆ ಹೋದಳು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ತೊಮಾಸಾ ಎರಡು ಸಲ ಆ ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದಳು. ಮಗಳ ಬಾಗಿಲು ತಟ್ಟಿ, ಅದು ತೆರೆಯದಿದ್ದರೆ?

ನಾಲ್ಕನೆಯ ಬೆಳಿಗ್ಗೆ ಎಲ್ವಿರಾ ಬಂದು, ಹಂಡೆಯೊಳಗೆ ಇಣುಕಿ, "ಮೇಣ ಅಡಿ ಹಿಡಿದಿದೆ. ನಾನಿಲ್ದೆ ಇದ್ರೆ ಇದೇ ಗತಿ," ಎಂದು ಗೊಣಗಿದಳು. ಅಡಿ ಕೆರೆಯುತ್ತಾ, ತಾಯಿಯ ಕಡೆ ನೋಡದೆ, "ಸುಟ್ಟಿದ್ದು ನಂಗೆ ನೆನಪಿದೆ," ಎಂದಳು.

ತೊಮಾಸಾ ಕೈಯಲ್ಲಿದ್ದ ದಾರದ ಕಟ್ಟನ್ನು ಕೆಳಗಿಟ್ಟಳು.

"ಎರಡನೇ ದಿನ. ಒಳಗೆ ಬಿಸಿಯಾಗಿ ಏನೋ ಬಿತ್ತು. ಆಮೇಲೆ ಉರಿ."

"ಅವತ್ತೇ ಯಾಕೆ ಹೇಳ್ಲಿಲ್ಲ ಮಗಳೇ?"

"ನಿನ್ನ ಕೈ ನಡುಗ್ತಾ ಇತ್ತಲ್ಲಮ್ಮ. ನಾನೆಲ್ಲಿ ಸತ್ತುಹೋಗ್ತೀನೋ ಅಂತ ನೀನು ಅಳ್ತಾ ಇದ್ದೆ. ಉರೀತಿದೆ ಅಂದ್ರೆ ಇನ್ನೂ ಹೆದರ್ತೀಯ ಅಂತ ಹಲ್ಲು ಕಚ್ಕೊಂಡು ಮಲ್ಗಿದ್ದೆ." ಎಲ್ವಿರಾ ಸೌಟು ಕೆಳಗಿಟ್ಟಳು. "ಮೂರು ದಿನ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿರೋಣ ಅಂತ ನೋಡ್ದೆ. ಇನ್ನೂ ಒಂಚೂರು ಇದೆ. ಇರ್ಲಿ ಬಿಡು, ಅದರ ಪಾಡಿಗೆ ಅದು ಹೋಗುತ್ತೆ."

ಗಾಸ್ಪಾರನ ಕಿವಿ ಎರಡು ತಿಂಗಳಿಗೆ ಕೂಡಿಕೊಂಡಿತು. ಬ್ಯಾಂಡು ಮತ್ತೆ ಐದಕ್ಕೆ ಶುರುವಾಯಿತು. ತೀರ ಮೇಲಿನ ಸ್ವರಗಳು ಮಾತ್ರ ಅವನಿಗೆ ಸರಿಯಾಗಿ ಕೇಳಿಸುವುದಿಲ್ಲ. ಅವುಗಳಿಗಾಗಿ ಒಬ್ಬ ಕ್ಲಾರಿನೆಟ್ ಹುಡುಗಿಯ ಮುಖ ನೋಡುತ್ತಾನೆ. ಅವಳು ಮೂಗು ಸಿಂಡರಿಸಿದರೆ ಯಾರೋ ತಪ್ಪಿದ್ದಾರೆಂದು ಲೆಕ್ಕ. ಬೆನೀತಾ ತೊಮಾಸಾಳೊಡನೆ ಒಂದು ವರ್ಷ ಮಾತು ಬಿಟ್ಟಳು, ಆಮೇಲೆ ಒಂದು ಸಾವಿನ ಮನೆಯಲ್ಲಿ ಅವಳ ಪಕ್ಕಕ್ಕೆ ಬಂದು ಕುಳಿತಳು.

ಊರಸಭೆ ಯಾರನ್ನೂ ಕರೆಯಲಿಲ್ಲ. ತೊಮಾಸಾಳನ್ನು ಹೆಚ್ಚು ಹೆದರಿಸಿದ್ದು ಬೇರೆಯೇ. ಬಾಟಲಿಯನ್ನು ತೋರಿಸಿ, ಕಣ್ಣೆದುರೇ ಬತ್ತಿ ಹಚ್ಚಿ ತೋರಿಸಿದ ಮೇಲೂ ಜನ, "ಅದಿರ್ಲಿ ದೋನ್ಯಾ ತೊಮಾಸಾ, ನಂಗೊಂದು ಹಚ್ಚಿ," ಎನ್ನುತ್ತಿದ್ದರು. ಇವಳು ಒಲ್ಲೆನೆಂದರೆ ಹೊಳೆಯಾಚೆಯ ಊರಿನ ಹೆಂಗಸಿನ ಹತ್ತಿರ ಹೋಗುತ್ತಿದ್ದರು. ಹಾಗೆ ಹೋಗಬಾರದೆಂದು ಅವಳು ಕೂಸು ಎತ್ತಿಕೊಂಡು ಬಂದ ತಾಯಂದಿರನ್ನು ತಾನೇ ವ್ಯಾನು ನಿಲ್ಲುವ ಕಟ್ಟೆಯವರೆಗೆ ಕರೆದೊಯ್ದು, ಹತ್ತಿಸಿ, ವ್ಯಾನು ತಿರುವು ದಾಟುವವರೆಗೆ ಅಲ್ಲೇ ನಿಂತಿರುತ್ತಿದ್ದಳು. ಕೆಲವೊಮ್ಮೆ ತಾಯಿಗಿಂತ ಇವಳಿಗೇ ಹೆಚ್ಚು ಗಾಬರಿಯಾಗಿ, ಜೊತೆಗೇ ಹತ್ತಿಬಿಡುತ್ತಿದ್ದಳು.